ಹುಚ್ಚು ಎಂಬ ಒಂದೇ ಮಾತು

ನಾನು ವೈದ್ಯನಲ್ಲ. ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುವ ಕನ್ನಡ ಪಂಡಿತ. ಇಂಥವನಿಗೆ ಮನಸ್ಸಿನ ಕಾಯಿಲೆಗಳ ವಿಚಾರ ಮಾತನಾಡಲು ಏನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವೇನೂ ಇಲ್ಲ, ಒಂದು ಋಣವಿದೆ. ಅದನ್ನು ಮೊದಲು ಹೇಳಿಕೊಂಡು ಆಮೇಲೆ ವಿಷಯಕ್ಕೆ ಬರುತ್ತೇನೆ.

2007ನೆಯ ಇಸವಿ ಜುಲೈ 1ನೆಯ ತಾರೀಖಿನಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು ತಮಗೆ ನೆನಪಿರಬಹುದು. ಅಂದು ಭಾನುವಾರ. ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದ ನನ್ನ ಸೋದರಮಾವನವರಿಗೆ ಸುಮಾರು ಇಪ್ಪತ್ತು ವರ್ಷಗಳಿಂದ ಪ್ಯಾಕೆಟ್ ಸಾರಾಯಿಯ ಅಭ್ಯಾಸ. ಬೆಳಗ್ಗೆ ಒಂದು ಪ್ಯಾಕೆಟ್ ಒಳಗೆ ಹೋಗದಿದ್ದರೆ ನೀರಿನ ಲೋಟ ಹಿಡಿಯಲು ಕೈ ನಿಲ್ಲುತ್ತಿರಲಿಲ್ಲ. ಹಾಗೆಂದು ಸೋಮಾರಿಯಲ್ಲ, ಗದ್ದೆಯ ಕೆಲಸದಲ್ಲಿ ಅವರನ್ನು ಮೀರಿಸುವವರು ಆ ಊರಿನಲ್ಲಿರಲಿಲ್ಲ. ಅಂಗಡಿ ಮುಚ್ಚಿದ ದಿನವೇ ಮನೆದೇವರ ಮುಂದೆ ಕರ್ಪೂರ ಹಚ್ಚಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದರು. ಅತ್ತೆ ಆ ಸಂತೋಷಕ್ಕೆ ಪಾಯಸ ಮಾಡಿದರಂತೆ.

ಸೋಮವಾರ ಮೈಯೆಲ್ಲ ಬೆವರು, ಕೈಕಾಲು ನಡುಕ, ವಾಂತಿ. ರಾತ್ರಿ ಕಣ್ಣಿಗೆ ನಿದ್ದೆಯಿಲ್ಲ. ಮಂಗಳವಾರ ಬೆಳಗಿನ ಜಾವ ಒಮ್ಮೆ ಸೆಟೆದುಕೊಂಡು ಮೂರ್ಛೆ ಹೋದರು. ಕೈಗೆ ಕಬ್ಬಿಣ ಕೊಟ್ಟರು, ಎಚ್ಚರವಾಯಿತು. ಸಂಜೆಯ ಹೊತ್ತಿಗೆ ಗೋಡೆಯನ್ನು ಅಂಗೈಯಿಂದ ಒರಸತೊಡಗಿದರು. ನಾನು ಹೋದಾಗ, "ಅಳಿಮಯ್ಯ, ಗೋಡೆ ತುಂಬ ಇರುವೆ ಹರೀತಾವಲ್ಲಪ್ಪ, ಒಂದ್ ಪೊರಕೆ ತಕೊಂಬಾ" ಎಂದರು. ಗೋಡೆಯ ಮೇಲೆ ಒಂದು ಇರುವೆಯೂ ಇರಲಿಲ್ಲ. ತೀರಿಕೊಂಡು ಹತ್ತು ವರ್ಷವಾಗಿದ್ದ ನಮ್ಮ ಅಜ್ಜಿಯನ್ನು, "ಅವ್ವಾ, ಬಾಗಿಲಲ್ಲೇ ಯಾಕ್ ನಿಂತಿದ್ದೀಯೆ, ಒಳಕ್ ಬಾ" ಎಂದು ಕರೆದರು.

ಕೆಲವರು ಹುಚ್ಚು ಹಿಡಿದಿದೆ ಎಂದರು. ಕೆಲವರು ಸತ್ತ ತಾಯಿಯ ಗಾಳಿ ಮೆಟ್ಟಿಕೊಂಡಿದೆ ಎಂದರು. ಓದಿದವನೆಂದು ನನ್ನನ್ನು ಕೇಳಿದರು. "ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಅದರಿಂದ ಕೆಡುವುದೇನಿದೆ" ಎಂದೆ. ಒಂದು ರಾತ್ರಿ, ಒಂದು ಹಗಲು ಅವರನ್ನು ಕಂಬಕ್ಕೆ ಕಟ್ಟಿದ್ದರು. ಮೈ ಕಾದ ಹೆಂಚಿನಂತೆ ಸುಡುತ್ತಿತ್ತಂತೆ. ಗುರುವಾರ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ ತೀರಿಕೊಂಡರು.

ಕೆಲವು ದಿನಗಳ ಮೇಲೆ ಪರಿಚಿತರಾದ ವೈದ್ಯರೊಬ್ಬರು ನನ್ನಿಂದ ದಿನದಿನದ ವಿವರವನ್ನೂ ಕೇಳಿ ತಿಳಿದುಕೊಂಡು, "ಮೇಷ್ಟ್ರೇ, ಇದು ಹುಚ್ಚೂ ಅಲ್ಲ, ಗಾಳಿಯೂ ಅಲ್ಲ. ನಿತ್ಯವೂ ಹೆಚ್ಚಾಗಿ ಕುಡಿಯುವವನು ತಟಕ್ಕನೆ ಬಿಟ್ಟಾಗ ಬರುವ ಸನ್ನಿ. ಮಂಗಳವಾರ ಕರೆತಂದಿದ್ದರೆ ಬಹುಶಃ ಉಳಿಯುತ್ತಿದ್ದರು" ಎಂದರು. ಆ ದಿನದಿಂದ ಈ ವಿಷಯವನ್ನು ಕೇಳಿ, ಓದಿ ತಿಳಿದುಕೊಳ್ಳುತ್ತ ಬಂದಿದ್ದೇನೆ. ತಿಳಿದಷ್ಟನ್ನು ತಮ್ಮ ಮುಂದಿಡುವುದೇ ಇಂದಿನ ನನ್ನ ಕೆಲಸ.

ನನಗೆ ಹೆಚ್ಚು ನಾಚಿಕೆಯಾದದ್ದು ಪಂಡಿತನೆಂಬ ಕಾರಣಕ್ಕೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉನ್ಮಾದಕ್ಕೆ ಒಂದು ಅಧ್ಯಾಯ, ಅಪಸ್ಮಾರಕ್ಕೆ ಇನ್ನೊಂದು, ಮದ್ಯದಿಂದ ಬರುವ ಮದಾತ್ಯಯಕ್ಕೆ ಮತ್ತೊಂದು. ಪ್ರಲಾಪವನ್ನುಂಟುಮಾಡುವ ಸನ್ನಿಪಾತಜ್ವರ ಇವೆಲ್ಲಕ್ಕೂ ಬೇರೆ; ನಮ್ಮ ಸನ್ನಿ ಎಂಬ ಮಾತು ಬಂದದ್ದು ಅದರಿಂದಲೇ. ಅಂದಿನವರ ಚಿಕಿತ್ಸೆ ಇಂದಿಗೆ ಸಾಲದಿರಬಹುದು. ಆದರೆ ಒಂದು ಬೇನೆಯನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡಬೇಕೆಂಬ ವಿವೇಕ ಅವರಿಗಿತ್ತು. ಆ ಹೆಸರುಗಳೆಲ್ಲ ನನಗೆ ಬಾಯಿಪಾಠವಾಗಿದ್ದುವು; ಮಾವನವರ ಮನೆಯ ಜಗುಲಿಯ ಮೇಲೆ ಕುಳಿತಾಗ ಒಂದೂ ನೆನಪಿಗೆ ಬರಲಿಲ್ಲ. ಎಲ್ಲರೊಡನೆ ನಾನೂ ಹುಚ್ಚು ಎಂಬ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬಿದೆ.

ಆ ಚೀಲದಲ್ಲಿ ಕಡೆಯ ಪಕ್ಷ ನಾಲ್ಕು ಬಗೆಯ ಬೇನೆಗಳಿವೆ. ಮನಸ್ಸಿನದೇ ಆದ ಕಾಯಿಲೆ ಒಂದು. ಅಮಲು ಏರಿರುವುದು ಎರಡು. ಅಮಲಿನ ಪದಾರ್ಥವನ್ನು ಬಿಟ್ಟಾಗ ಬರುವ ಬೇನೆ ಮೂರು. ಶರೀರದ ಬೇರೆ ರೋಗ ಮಿದುಳನ್ನು ತಟ್ಟಿರುವುದು ನಾಲ್ಕು. ಹೊರಗಿನಿಂದ ನೋಡುವವರಿಗೆ ನಾಲ್ಕೂ ಒಂದೇ ಸಮನಾಗಿ ಕಾಣಬಹುದು: ಅಸಂಬದ್ಧ ಮಾತು, ಕೂಗಾಟ, ಇಲ್ಲದ್ದನ್ನು ಕಾಣುವುದು. ಇವುಗಳಲ್ಲಿ ಕೆಲವಕ್ಕೆ ನಾಳೆ ನಾಡಿದ್ದು ವೈದ್ಯರಲ್ಲಿಗೆ ಹೋದರೂ ಸಾಕು. ಕೆಲವಕ್ಕೆ ಈ ಗಂಟೆಯೇ ಹೋಗಬೇಕು. ರೋಗನಿರ್ಣಯ ನಮ್ಮ ಕೆಲಸವಲ್ಲ. ಎಷ್ಟು ಬೇಗ ಹೋಗಬೇಕೆಂದು ತಿಳಿಯುವುದಷ್ಟೆ ಮನೆಯವರ ಕೆಲಸ. ಅದಕ್ಕೆ ಮೂರು ಪ್ರಶ್ನೆಗಳನ್ನು ನೆನಪಿಟ್ಟುಕೊಂಡರೆ ಸಾಕು.

ಮೊದಲನೆಯದು, ಇದು ಯಾವಾಗ ಆರಂಭವಾಯಿತು? ಎರಡನೆಯದು, ಹೊಟ್ಟೆಗೆ ಏನು ಹೋಗುತ್ತಿತ್ತು, ಕೊನೆಯ ಸಲ ಹೋದದ್ದು ಯಾವಾಗ? ಮೂರನೆಯದು, ತಾನು ಎಲ್ಲಿದ್ದೇನೆ, ಇಂದು ಯಾವ ದಿನ, ಎದುರಿಗಿರುವವರು ಯಾರು ಎಂಬ ಅರಿವು ಇದೆಯೇ?

ಮನಸ್ಸಿನ ಕಾಯಿಲೆಗಳು ಸಾಮಾನ್ಯವಾಗಿ ನಿಧಾನವಾಗಿ ಬರುತ್ತವೆ. ವಾರಗಳು, ತಿಂಗಳುಗಳು ಹಿಡಿಯುತ್ತವೆ. ಕಾಲೇಜಿಗೆ ಹೋಗುವ ಹುಡುಗ ಸ್ನೇಹಿತರನ್ನು ಬಿಡುತ್ತಾನೆ, ಸ್ನಾನ ಬಿಡುತ್ತಾನೆ, ಕೋಣೆಯ ಬಾಗಿಲು ಹಾಕಿಕೊಂಡು ತನ್ನಷ್ಟಕ್ಕೆ ನಗುತ್ತಾನೆ, ಎದುರುಮನೆಯವರು ತನ್ನ ಮೇಲೆ ಸಂಚು ಹೂಡಿದ್ದಾರೆಂದು ನಂಬುತ್ತಾನೆ. ಅವನಿಗೆ ಧ್ವನಿಗಳು ಕೇಳಿಸುತ್ತವೆ. ತಾವು ಈಗ ನನ್ನ ಮುಖವನ್ನು ಕಾಣದೆ ಧ್ವನಿಯನ್ನು ಮಾತ್ರ ಕೇಳುತ್ತಿದ್ದೀರಿ. ಅಷ್ಟೇ ಸ್ಪಷ್ಟವಾಗಿ ಅವನಿಗೂ ಕೇಳಿಸುತ್ತದೆ. ವ್ಯತ್ಯಾಸವೆಂದರೆ, ತಾವು ರೇಡಿಯೋದ ಗುಂಡಿ ತಿರುಗಿಸಿ ನನ್ನನ್ನು ಸುಮ್ಮನಾಗಿಸಬಹುದು, ಅವನಿಗೆ ಆ ಗುಂಡಿಯಿಲ್ಲ. ಆದ್ದರಿಂದ "ಯಾರೂ ಮಾತಾಡುತ್ತಿಲ್ಲ, ಸುಮ್ಮನಿರು" ಎಂದು ಗದರಿಸಿ ಫಲವಿಲ್ಲ. ಆದರೆ ಇಂದು ಯಾವ ವಾರ, ಇದು ಯಾವ ಊರು ಎಂದು ಕೇಳಿದರೆ ಇಂಥವನು ಸಾಮಾನ್ಯವಾಗಿ ಸರಿಯಾಗಿ ಹೇಳುತ್ತಾನೆ. ಇದಕ್ಕೆ ವೈದ್ಯರು ಸ್ಕಿಜೋಫ್ರೇನಿಯಾ ಎನ್ನುತ್ತಾರೆ. ಬೇಗ ಔಷಧಿ ಹಿಡಿದಷ್ಟೂ ಗುಣ ಹೆಚ್ಚು.

ಇನ್ನು ಕೆಲವರಿಗೆ ಉತ್ಸಾಹವೇ ರೋಗವಾಗುತ್ತದೆ. ರಾತ್ರಿ ಎರಡು ಗಂಟೆ ನಿದ್ದೆ ಮಾಡಿದರೂ ಆಯಾಸವಿಲ್ಲ, ಮಾತಿಗೆ ತಡೆಯಿಲ್ಲ, ಇರುವ ಎರಡೆಕರೆ ಮಾರಿ ಕಾರ್ಖಾನೆ ಕಟ್ಟುತ್ತೇನೆನ್ನುತ್ತಾರೆ. ಇದು ವಾರಗಟ್ಟಲೆ ನಡೆದರೆ ಸಂಭ್ರಮವಲ್ಲ, ಕಾಯಿಲೆ.

ಎಲ್ಲಕ್ಕಿಂತ ಸದ್ದಿಲ್ಲದೆ ಬರುವುದು ಖಿನ್ನತೆ. ಎರಡು ವಾರಗಳಿಗೂ ಮೀರಿ ದಿನದ ಹೆಚ್ಚು ಹೊತ್ತು ಬೇಸರ, ಯಾವುದರಲ್ಲಿಯೂ ಆಸಕ್ತಿಯಿಲ್ಲ, ಊಟ ಸೇರದು, ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, "ನನ್ನಿಂದಲೇ ಎಲ್ಲ ಹಾಳಾಯಿತು" ಎಂಬ ಮಾತು. ನಮ್ಮಲ್ಲಿ ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ತಲೆನೋವು, ಎದೆಭಾರ, ಸುಸ್ತು ಎನ್ನುತ್ತಾರೆ. 2015ರಲ್ಲಿ ಕಬ್ಬಿನ ಬಾಕಿ ಹಣ ಬಾರದೆ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಎಷ್ಟೋ ರೈತಕುಟುಂಬಗಳು ಯಜಮಾನನನ್ನು ಕಳೆದುಕೊಂಡುವು. ಸಾಲ, ಬೆಲೆ ಇವು ಸರ್ಕಾರ ಮತ್ತು ಸಮಾಜ ನೋಡಬೇಕಾದ ವಿಷಯಗಳು. ಆದರೆ ಸಾಲಗಾರ ಮೌನಿಯಾದಾಗ, "ಅಣ್ಣ, ಬದುಕೇ ಬೇಡ ಅನ್ನಿಸುತ್ತಿದೆಯಾ?" ಎಂದು ಹತ್ತಿರ ಕುಳಿತು ಕೇಳುವುದು ನಮ್ಮಿಂದಾಗುವ ಕೆಲಸ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಎದೆಯ ಭಾರ ಇಳಿಯಲು ದಾರಿಯಾಗುತ್ತದೆ. ಹೌದೆಂದರೆ ಒಂಟಿಯಾಗಿ ಬಿಡಬಾರದು. ಗದ್ದೆಗೆ ತಂದ ಕ್ರಿಮಿನಾಶಕವನ್ನು ಬೇರೆಯವರ ಸುಪರ್ದಿಗೆ ಕೊಡಬೇಕು. ಅಂದೇ ವೈದ್ಯರನ್ನು ಕಾಣಬೇಕು.

ಎರಡನೆಯ ಬಗೆಗೆ ಬರೋಣ. ಹೆಂಡ, ಬ್ರಾಂದಿಗಳ ಅಮಲು ನಮಗೆ ಪರಿಚಿತವೇ: ಬಾಯಿಯ ವಾಸನೆ, ತೊದಲು ಮಾತು, ತೂರಾಡುವ ನಡಿಗೆ. ಕುಡಿದವನು ಮಲಗಿ ಎದ್ದರೆ ಸರಿಹೋಗುತ್ತಾನೆಂದು ಬಿಟ್ಟುಬಿಡುತ್ತೇವೆ. ಆದರೆ ಅಲುಗಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಮೈ ತಣ್ಣಗಾಗಿದ್ದರೆ ಅದು ನಿದ್ದೆಯಲ್ಲ. ಬಾಯಿಗೆ ಮಜ್ಜಿಗೆ, ನಿಂಬೆರಸ ಏನನ್ನೂ ಹೊಯ್ಯಬೇಡಿ, ಉಸಿರುನಾಳಕ್ಕೆ ಹೋದೀತು. ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಸಾಗಿಸಿ. ಕುಡಿದವನು ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರೂ ಹೀಗೆಯೇ ಮಂಪರು ಬರುವುದುಂಟು. ಕುಡಿದ ಮೇಲೆ ಕಣ್ಣು ಮಂಜಾಯಿತು, ಹೊಟ್ಟೆ ನುಲಿಯುತ್ತಿದೆ ಎಂದರೆ ಕಳ್ಳಭಟ್ಟಿಯ ವಿಷವೆಂದು ತಿಳಿಯಿರಿ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ, 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯ ಊರುಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಇಂಥ ಮದ್ಯದಿಂದ ಸತ್ತರು.

ಗಾಂಜಾ ಸೇದಿದವನ ಕಣ್ಣು ಕೆಂಪು, ಬಾಯಿ ಒಣಗಿರುತ್ತದೆ. ಕಾರಣವಿಲ್ಲದ ನಗು, ವಿಪರೀತ ಹಸಿವು, ಕೆಲವರಿಗೆ ಭಯ, ಸಂಶಯ. ಎಳೆಯ ವಯಸ್ಸಿನಲ್ಲಿ ಹಿಡಿದು ಬಹಳವಾಗಿ ಸೇದಿದವರಲ್ಲಿ ನಿಜವಾದ ಮನೋರೋಗ ತಲೆಯೆತ್ತುವ ಸಂಭವ ಹೆಚ್ಚು. ಅಫೀಮಿನ ಜಾತಿಯ ಪದಾರ್ಥಗಳನ್ನು, ಎಂದರೆ ಕೆಲವು ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳನ್ನು, ಅಮಲಿಗಾಗಿ ತೆಗೆದುಕೊಂಡವನ ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿರುತ್ತದೆ. ತೂಕಡಿಸುತ್ತಾನೆ, ಉಸಿರು ನಿಧಾನವಾಗುತ್ತದೆ. ಇದು ಪ್ರಾಣಕ್ಕೆ ಅಪಾಯ. ಶಾಲಾಮಾಸ್ತರನಾಗಿ ನಾನು ಹೆಚ್ಚು ಹೆದರುವುದು ಪಂಕ್ಚರ್ ಅಂಟಿಸುವ ಸಲ್ಯೂಷನ್ನಿಗೆ, ಬರಹ ಅಳಿಸುವ ವೈಟ್ನರಿಗೆ. ಅಂಗಡಿಯಲ್ಲಿ ಅಗ್ಗವಾಗಿ ದೊರೆಯುತ್ತವೆ. ಕರವಸ್ತ್ರದಲ್ಲಿ ರಾಸಾಯನಿಕದ ವಾಸನೆ, ಮೂಗು ಬಾಯಿಯ ಸುತ್ತ ಕೆಂಪು ಗುಳ್ಳೆ, ತರಗತಿಯಲ್ಲಿ ಮಂಪರು ಕಂಡರೆ ಹುಡುಗನನ್ನು ಹೊಡೆಯಬೇಡಿ, ಓಡಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಮೂಸಿದ ಕೂಡಲೇ ಹೃದಯ ನಿಂತುಹೋದ ಪ್ರಸಂಗಗಳೂ ಉಂಟು.

ನಮ್ಮ ಬೇಲಿಗಳಲ್ಲಿ ಬೆಳೆಯುವ ದತ್ತೂರಕ್ಕೆ ಅಮರಕೋಶದಲ್ಲಿ ಉನ್ಮತ್ತ ಎಂಬ ಹೆಸರುಂಟು. ಸುಮ್ಮನೆ ಬಂದ ಹೆಸರಲ್ಲ. ಅದರ ಬೀಜ ತಿಂದ ಮಗುವಿನ ಮುಖ ಕೆಂಪೇರಿ, ಮೈ ಕಾದು, ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಗಾಳಿಯಲ್ಲಿ ಇಲ್ಲದ್ದನ್ನು ಹಿಡಿಯಲು ಹೋಗುತ್ತದೆ. ಒಂದೆರಡು ಗಂಟೆಯಲ್ಲಿ ಮಗು ಹೀಗಾಯಿತೆಂದರೆ ದೃಷ್ಟಿ ತೆಗೆಯುತ್ತ ಕೂರಬೇಡಿ.

ಮೂರನೆಯ ಬಗೆಯೇ ನನ್ನ ಮಾವನವರನ್ನು ಕೊಂಡೊಯ್ದದ್ದು. ಕುಡಿತ ಬಿಟ್ಟರೆ ಆರೋಗ್ಯ ಬರಬೇಕಲ್ಲದೆ ಕಾಯಿಲೆ ಏಕೆ ಬರಬೇಕು ಎಂದು ಕೇಳಬಹುದು. ಮದ್ಯ ಮಿದುಳನ್ನು ಮಂದಗೊಳಿಸುವ ವಸ್ತು. ವರ್ಷಗಟ್ಟಲೆ ನಿತ್ಯ ಕುಡಿದಾಗ ಮಿದುಳು ಆ ಮಂದತೆಗೆ ಎದುರಾಗಿ ತನ್ನ ವೇಗವನ್ನು ಹೆಚ್ಚಿಸಿಕೊಂಡಿರುತ್ತದೆ. ಏರಿನಲ್ಲಿ ಭಾರದ ಕಬ್ಬಿನ ಗಾಡಿ ಎಳೆಯುತ್ತಿರುವ ಎತ್ತುಗಳ ಹಗ್ಗ ಇದ್ದಕ್ಕಿದ್ದಂತೆ ಕಡಿದರೆ ಅವು ಮುಂದಕ್ಕೆ ಮುಗ್ಗರಿಸುವುದಿಲ್ಲವೇ? ಹಾಗೆ. ಬಿಟ್ಟ ಆರರಿಂದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ, ಎದೆಬಡಿತ, ನಿದ್ರಾನಾಶ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ: ದಿನ, ಸ್ಥಳ, ಜನ ಗೊತ್ತಾಗದು, ಇರುವೆ, ಹುಳು, ಸತ್ತವರು ಕಾಣುತ್ತಾರೆ, ಜ್ವರ ಏರುತ್ತದೆ. ಇದನ್ನು ಹಾಗೇ ಬಿಟ್ಟರೆ ಸಾವು ಬರಬಹುದು. ಆಸ್ಪತ್ರೆಯಲ್ಲಿ ಮಿದುಳನ್ನು ಶಾಂತಗೊಳಿಸುವ ಔಷಧಿಯನ್ನೂ ಥಯಮಿನ್ ಎಂಬ ಬಿ-1 ಜೀವಸತ್ತ್ವವನ್ನೂ ಕೊಟ್ಟರೆ ಬಹುಪಾಲು ಮಂದಿ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಬೆಳಗ್ಗೆ ಎದ್ದೊಡನೆ ಕೈ ನಡುಗುವಷ್ಟು ಕುಡಿಯುವವರು ಬಿಡುವ ಸಂಕಲ್ಪವನ್ನು ಖಂಡಿತ ಮಾಡಲಿ, ಆದರೆ ವೈದ್ಯರ ಜೊತೆಯಲ್ಲಿ ಮಾಡಲಿ. ಅಯ್ಯಪ್ಪನ ಮಾಲೆ ಹಾಕುವ ಮೊದಲು, ಕಾಲು ಮುರಿದು ಆಸ್ಪತ್ರೆ ಸೇರಿದಾಗ, "ಇವರು ದಿನಾ ಕುಡೀತಾರೆ" ಎಂದು ಮನೆಯವರು ನಾಚದೆ ವೈದ್ಯರಿಗೆ ಹೇಳಬೇಕು.

ಅಫೀಮಿನ ಜಾತಿಯದನ್ನು ಬಿಟ್ಟಾಗ ಮೂಗು ಕಣ್ಣುಗಳಲ್ಲಿ ನೀರು, ಮೇಲಿಂದ ಮೇಲೆ ಆಕಳಿಕೆ, ರೋಮಾಂಚ, ಭೇದಿ, ಮೈಕೈ ನೋವು, ಯಾತನೆ ಬಹಳ. ಗಾಂಜಾ ಬಿಟ್ಟಾಗ ಸಿಡುಕು, ಹಸಿವಿಲ್ಲದಿರುವುದು, ನಿದ್ದೆಗೇಡು. ಕೆಲವರು ವರ್ಷಗಟ್ಟಲೆ ನುಂಗುವ ನಿದ್ದೆಮಾತ್ರೆಯನ್ನೂ ತಟಕ್ಕನೆ ನಿಲ್ಲಿಸಬಾರದು; ಮದ್ಯದಂತೆಯೇ ಫಿಟ್ಸ್ ಬರಬಹುದು.

ನಾಲ್ಕನೆಯ ಬಗೆ ಮನೆಯ ಹಿರಿಯರಲ್ಲಿ ಹೆಚ್ಚು. ನಿನ್ನೆಯವರೆಗೆ ಚೆನ್ನಾಗಿದ್ದ ಅಜ್ಜ ಇಂದು ಸಂಜೆ ಮಗನನ್ನೇ ಗುರುತಿಸದಿದ್ದರೆ "ವಯಸ್ಸಾಯಿತು, ಅರಳುಮರಳು" ಎನ್ನಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನ ಅಂಶದ ಇಳಿತ, ಹೀಗೆ ನೂರು ಕಾರಣಗಳಿರುತ್ತವೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಂಡು ಊಟ ತಪ್ಪಿಸಿದವರು ಕುಡಿದವರಂತೆಯೇ ತೊದಲಿ ತೂರಾಡುತ್ತಾರೆ. ಎಚ್ಚರವಿದ್ದು ನುಂಗಬಲ್ಲವರಾದರೆ ಸಕ್ಕರೆ ನೀರು ಕೊಡಿ. ಇಲ್ಲವಾದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ನಡೆಯಿರಿ.

ಇಷ್ಟರ ಸಾರ ಇದು. ನಿಧಾನವಾಗಿ ಬಂದು, ಅರಿವು ನೆಟ್ಟಗಿದ್ದರೆ ಬಹುಮಟ್ಟಿಗೆ ಮನಸ್ಸಿನ ಕಾಯಿಲೆ. ಆ ವಾರದಲ್ಲಿ ವೈದ್ಯರನ್ನು ಕಾಣಿ. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಂದು, ದಿನ ಸ್ಥಳ ಜನ ಗೊತ್ತಾಗದಿದ್ದರೆ, ಜ್ವರವೋ ಫಿಟ್ಸೋ ಜೊತೆಗಿದ್ದರೆ, ಆ ಗಂಟೆಯೇ ಹೊರಡಿ. ತನ್ನನ್ನಾಗಲಿ ಇತರರನ್ನಾಗಲಿ ಘಾಸಿಗೊಳಿಸುವ ಮಾತು ಬಂದರೂ ಹಾಗೆಯೇ.

2020ರಲ್ಲಿ ಈ ಪಾಠ ನನಗೆ ಉಪಯೋಗಕ್ಕೆ ಬಂತು. ಕೊರೋನಾ ನಿಮಿತ್ತ ಮಾರ್ಚಿಯ ಕೊನೆಯಲ್ಲಿ ಮುಚ್ಚಿದ ಮದ್ಯದಂಗಡಿಗಳು ತೆರೆದದ್ದು ಮೇ 4ರಂದು. ಆ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್ ಬಂದವರು, ಸನ್ನಿ ಹಿಡಿದವರು ಹೆಚ್ಚಾಗಿ ಬಂದುದನ್ನು ನಿಮ್ಹಾನ್ಸಿನ ವೈದ್ಯರು ಬರೆದಿದ್ದಾರೆ. ಬಾಗಿಲು ಹಾಕಿದ ಮೂರನೆಯ ದಿನ ರಾತ್ರಿ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಬಂದು, "ಮೇಷ್ಟ್ರೇ, ನಮ್ ಯಜಮಾನ್ರಿಗೆ ಗಾಳಿ ಮೆಟ್ಕೊಂಡದೆ, ಯಂತ್ರ ಕಟ್ಟೋರು ಯಾರಾದ್ರೂ ಗೊತ್ತಾ" ಎಂದಳು. "ಯಾವಾಗಿನಿಂದಮ್ಮ?" "ನೆನ್ನೆಯಿಂದ." "ಕೊನೇ ಸಲ ಕುಡಿದದ್ದು?" "ಅಂಗಡಿ ಮುಚ್ಚೋಕ್ ಮುಂಚೆ." ಹೋಗಿ ನೋಡಿದೆ. ಹಾಸಿಗೆಯ ಮೇಲಿಂದ ಏನನ್ನೋ ಆರಿಸಿ ಆರಿಸಿ ಎಸೆಯುತ್ತಿದ್ದ. "ಇದು ಯಾವ ಊರಪ್ಪ?" ಎಂದೆ. "ಆಲೆಮನೆ, ಕೊಪ್ಪರಿಗೆ ಕಾದದೆ, ದೂರ ನಿಂತ್ಕೊಳ್ಳಿ" ಎಂದ. 108ಕ್ಕೆ ಫೋನು ಮಾಡಿದೆವು. ಆಂಬುಲೆನ್ಸು ಬರುವವರೆಗೆ ದೀಪ ಹಚ್ಚಿಟ್ಟು, ಗದ್ದಲವಿಲ್ಲದಂತೆ, ಪರಿಚಿತರೊಬ್ಬರು ಪಕ್ಕದಲ್ಲಿ ಕುಳಿತು ಮೆಲ್ಲಗೆ ಮಾತನಾಡಿಸುತ್ತಿದ್ದೆವು. ಹತ್ತು ದಿನಗಳಲ್ಲಿ ಮನೆಗೆ ಬಂದ. ಇಂದಿಗೂ ಬೆಳಗ್ಗೆ ನನಗೆ ಕೈ ಮುಗಿದು ಕೆಲಸಕ್ಕೆ ಹೋಗುತ್ತಾನೆ. ಆ ನಮಸ್ಕಾರವನ್ನು ಸ್ವೀಕರಿಸುವಾಗಲೆಲ್ಲ ನನಗೆ ಮಾವನವರ ನೆನಪಾಗುತ್ತದೆ.

ದೇವರ ಮೇಲಣ ನಂಬಿಕೆಯನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಮದ್ದೂರಿನ ಹತ್ತಿರ ಶಿಂಷೆಯ ದಡದ ವೈದ್ಯನಾಥಪುರದಲ್ಲಿ ಶಿವನಿಗೇ ವೈದ್ಯನಾಥನೆಂದು ಹೆಸರಿದೆ. ಹರಕೆಯಿರಲಿ, ಆಸ್ಪತ್ರೆಯ ದಾರಿ ಮೊದಲಿರಲಿ. ಆದರೆ ಕಟ್ಟಿಹಾಕುವುದು ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ 28 ಮಂದಿ ಮನೋರೋಗಿಗಳು ಓಡಲಾರದೆ ಸತ್ತರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಚಿಕಿತ್ಸೆ ಪಡೆಯುವುದು ಅವನ ಹಕ್ಕೆಂದು ಹೇಳಿದೆ.

ಹೋಗಬೇಕಾದದ್ದು ಎಲ್ಲಿಗೆ? ಮೊದಲು ಸಮೀಪದ ತಾಲ್ಲೂಕು ಆಸ್ಪತ್ರೆ. ಮನೋವೈದ್ಯರು ಯಾವ ದಿನ ಬರುತ್ತಾರೆಂದು ಅಲ್ಲಿಯೇ ವಿಚಾರಿಸಿ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ. ಅದಕ್ಕೂ ಮೇಲೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ವ್ಯಸನಮುಕ್ತಿಗೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಹೋಗಲು ಸಂಕೋಚವಾದರೆ ಮನೆಯಿಂದಲೇ 14416ಕ್ಕೆ ಫೋನು ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ವ್ಯವಸ್ಥೆಯಲ್ಲಿ ಹಗಲಿರುಳೂ, ಕನ್ನಡದಲ್ಲಿಯೇ, ಖರ್ಚಿಲ್ಲದೆ ಸಲಹೆ ದೊರೆಯುತ್ತದೆ. ವ್ಯಸನ ಬಿಡುವ ವಿಚಾರಕ್ಕೆ 14446 ಎಂಬ ಇನ್ನೊಂದು ಸಂಖ್ಯೆಯಿದೆ. ಎರಡನ್ನೂ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ ಒಂದು ಕೋರಿಕೆ. ನಾಳೆ ತಮ್ಮ ಬೀದಿಯಲ್ಲಿ ಯಾರಾದರೂ ಯಾರನ್ನಾದರೂ "ಹುಚ್ಚು ಹಿಡಿದಿದೆ" ಎಂದರೆ ಆ ಮಾತಿಗೆ ತಲೆಯಾಡಿಸಿ ಮುಂದೆ ಹೋಗಬೇಡಿ. ಒಂದು ಗಳಿಗೆ ನಿಂತು ಕೇಳಿ: ಯಾವಾಗಿನಿಂದ? ಏನು ಕುಡಿಯುತ್ತಿದ್ದರು, ಯಾವಾಗ ಬಿಟ್ಟರು? ತಾನೆಲ್ಲಿದ್ದೇನೆಂಬುದು ಗೊತ್ತಿದೆಯೇ? ನನ್ನನ್ನು ಆ ಮಂಗಳವಾರ ಸಂಜೆ ಹೀಗೆ ಕೇಳಿಸುವವರು ಯಾರೂ ಇರಲಿಲ್ಲ. ತಮಗಾದರೂ ಈ ಪ್ರಶ್ನೆಗಳು ಹೊತ್ತಿಗೆ ಸರಿಯಾಗಿ ನೆನಪಿಗೆ ಬರಲಿ.